ಒಂದೇ ಪುಟದಲ್ಲಿ ಎರಡು ಕೈ

ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಚಿತ್ರಗಳಲ್ಲಿ ಇರುವುದು ಎರಡೇ ಬಣ್ಣ: ಕಾವಿಯ ಕೆಂಪು, ಸುಣ್ಣದ ಬಿಳಿ. ಗಾರೆಯ ಮೇಲೆ ಕಾವಿ ಬಳಿದು, ಹಸಿಯಿರುವಾಗಲೇ ಚೂಪಾದ ಕಂಟದಿಂದ ಕೆರೆದು ಒಳಗಿನ ಬಿಳಿಯನ್ನು ಹೊರತಂದ ಚಿತ್ರಗಳವು. ನೆರಳಿಲ್ಲ, ಉಬ್ಬುತಗ್ಗಿಲ್ಲ. ಅವನ್ನು ನೋಡುತ್ತ ನಡೆದು ಗರ್ಭಗುಡಿಯ ಎದುರು ನಿಂತರೆ ಏಳಡಿಯ ಮರದ ಮೂರ್ತಿ, ಎಂಟು ಕೈ, ಮೈತುಂಬ ಆಭರಣ. ಚಪ್ಪಟೆ ಗೆರೆಗೆ ಹೊಂದಿಕೊಂಡಿದ್ದ ಕಣ್ಣು ಅಲ್ಲಿ ತಡವರಿಸುತ್ತದೆ. ಒಂದು ವಸ್ತು ಈ ಲೋಕದ್ದಲ್ಲ ಎನಿಸಲು ಕಾಮಿಕ್ಸ್ ಕಲಾವಿದರು ಹಿಡಿದ ದಾರಿಯೂ ಇದೇ. ಅದೊಂದನ್ನು ಮಾತ್ರ ಬೇರೆ ಯಾರೋ ಬರೆದಂತೆ ಬರೆಯುವುದು.

ನಾವು ಓದಿ ಬೆಳೆದ ಚಿತ್ರಕಥೆಗಳಲ್ಲಿ ಇದು ಅಪರೂಪ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಆರಂಭಿಸಿದ ಅಮರ ಚಿತ್ರಕಥೆಯಲ್ಲಿ ಕೃಷ್ಣನಿಗೂ ದನ ಕಾಯುವ ಹುಡುಗನಿಗೂ ಗೆರೆ ಒಂದೇ. ದೇವರೆಂದು ತಿಳಿಯುವುದು ನೀಲಿ ಮೈಯಿಂದ, ತಲೆಯ ಹಿಂದಿನ ಪ್ರಭೆಯಿಂದ. ಆ ಪುಸ್ತಕಗಳನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಆದರೂ ಅವುಗಳಲ್ಲಿ ದೇವರನ್ನು ಗುರುತಿಸಿದ್ದೆನೇ ಹೊರತು ಬೆಚ್ಚಿದ್ದಿಲ್ಲ.

ಅದೇ ದಶಕದಲ್ಲಿ ಅಮೆರಿಕದ ಕಾಮಿಕ್ಸ್ ಕಲಾವಿದ ಜಾಕ್ ಕರ್ಬಿ ಬೇರೆ ಪ್ರಯೋಗಕ್ಕೆ ಇಳಿದಿದ್ದರು. ಅವರ ಸೂಪರ್‌ಹೀರೋ ಕಾಮಿಕ್ಸ್ ಫೆಂಟಾಸ್ಟಿಕ್ ಫೋರ್‌ನ 1966ರ ಸಂಚಿಕೆಯೊಂದರಲ್ಲಿ ನಾಯಕ ನಮ್ಮ ಜಗತ್ತಿನಾಚೆಯ ಲೋಕಕ್ಕೆ ಕಾಲಿಡುತ್ತಾನೆ. ಅವನು ಶಾಯಿಯ ಗೆರೆ. ಸುತ್ತಲಿನದು ಕತ್ತರಿಸಿ ಅಂಟಿಸಿದ ಫೋಟೋಗಳು. ಅಗ್ಗದ ಕಾಗದದ ಮುದ್ರಣದಲ್ಲಿ ಅವು ಮಸಿಮಸಿಯಾದವು. ಆದರೂ ಆ ಜಾಗಕ್ಕೆ ಈತ ಸೇರಿದವನಲ್ಲ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ನನಗೆ ಇವರೆಲ್ಲರಿಗಿಂತ ಹತ್ತಿರದವರು ದೆವ್ವಗಳ ಕಾಮಿಕ್ಸ್ ಬರೆದ ಜಪಾನಿನ ಶಿಗೆರು ಮಿಝುಕಿ. ಎರಡನೆಯ ಮಹಾಯುದ್ಧದಲ್ಲಿ ಎಡಗೈ ಕಳೆದುಕೊಂಡು ಬಂದವರು, ಉಳಿದ ಒಂದೇ ಕೈಯಲ್ಲಿ ಬರೆದರು. ಅವರ ಮನುಷ್ಯರು ಬಲು ಸರಳ: ಗುಂಡು ಕಣ್ಣು, ಮುಂದೆ ಚಾಚಿದ ಹಲ್ಲು. ಆದರೆ ಅವರ ಹಿಂದಿನ ಮರ, ಗೋರಿಕಲ್ಲು, ಹುಲ್ಲುಮಾಡು ಮಾತ್ರ ಚುಕ್ಕೆಯ ಮೇಲೆ ಚುಕ್ಕೆ ಇಟ್ಟು ಬರೆದವು, ಫೋಟೋ ಎನ್ನುವಷ್ಟು ದಟ್ಟ. ಹಲವು ದೆವ್ವಗಳ ರೂಪವನ್ನು ಅವರು ಹದಿನೆಂಟನೆಯ ಶತಮಾನದ ಚಿತ್ರಕಾರ ಟೊರಿಯಾಮಾ ಸೆಕಿಯೆನ್‌ನ ಅಚ್ಚುಚಿತ್ರಗಳಿಂದ ತಂದರು. ಹೀಗೆ ಒಂದೇ ಚೌಕದಲ್ಲಿ ನಗಿಸುವ ಮುಖ, ಉಸಿರಾಡುವಂತಿರುವ ಕಾಡು, ಶತಮಾನಗಳಾಚೆಯ ನೆರಳು ಮೂರೂ ಕೂಡುತ್ತವೆ. ಮಳೆಗಾಲದ ಸಂಜೆ ಘಟ್ಟದ ಒಂಟಿ ದಾರಿಯಲ್ಲಿ ನಡೆದವರಿಗೆ ಈ ಪುಟಗಳನ್ನು ಯಾರೂ ವಿವರಿಸಬೇಕಾಗಿಲ್ಲ.

1984ರಲ್ಲಿ ಕಲಾವಿದ ಬಿಲ್ ಸಿನ್ಕೆವಿಚ್ ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್ ನ್ಯೂ ಮ್ಯುಟಂಟ್ಸ್‌ಗೆ ಬಂದಾಗ, ಅದರಲ್ಲಿ ಅವರು ಬರೆದ ದೆವ್ವದಂಥ ಕರಡಿಗೆ ಸರಿಯಾದ ಅಂಚೇ ಇರಲಿಲ್ಲ. ಪುಟವನ್ನು ನುಂಗುವ ಕಪ್ಪು ಶಾಯಿ, ಅಷ್ಟೆ.

ಬೇರೆ ಕೈ ಎದ್ದು ಕಾಣಬೇಕಾದರೆ ಮೊದಲ ಕೈ ಕಣ್ಣಿಗೆ ರೂಢಿಯಾಗಿರಬೇಕು. ನಮ್ಮ ಯಕ್ಷಗಾನಕ್ಕೆ ಇದು ಚೆನ್ನಾಗಿ ಗೊತ್ತು. ಪುಂಡುವೇಷ, ರಾಜವೇಷಗಳನ್ನು ನೋಡಿ ನೋಡಿ ಪಳಗಿದ ಮೇಲೆಯೇ ತೆರೆಯ ಹಿಂದಿನಿಂದ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಅಬ್ಬರಿಸುವುದು. ಆ ಮುಖದ ಬರವಣಿಗೆಗೂ ಉಳಿದ ಮುಖಗಳಿಗೂ ಸಂಬಂಧವೇ ಇಲ್ಲ. ಮೊದಲ ಪುಟದಿಂದಲೇ ಹತ್ತು ಶೈಲಿಗಳನ್ನು ಸುರಿಯುವ ಈಚಿನ ಕೆಲವು ಕಾಮಿಕ್ಸ್ ಸೋಲುವುದು ಇಲ್ಲಿಯೇ. ಎಲ್ಲವೂ ವಿಚಿತ್ರವಾದಾಗ ಯಾವುದೂ ಬೆಚ್ಚಿಸುವುದಿಲ್ಲ.

ಈ ಉಪಾಯವನ್ನು ಮಾತಿನಲ್ಲಿ ಬಿಡಿಸಿಟ್ಟವರು ಅಮೆರಿಕದ ಕಾಮಿಕ್ಸ್ ಕಲಾವಿದ ಸ್ಕಾಟ್ ಮೆಕ್ಲೌಡ್, 1993ರ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’ ಪುಸ್ತಕದಲ್ಲಿ. ಅವರು ಕೊಟ್ಟ ನಿದರ್ಶನ ಜಪಾನಿ ಕಾಮಿಕ್ಸ್‌ನ ಒಂದು ಕತ್ತಿ. ಯೋಧನ ಕೈಯಲ್ಲಿ ಇರುವಷ್ಟು ಹೊತ್ತು ಅದು ಅವನಂತೆಯೇ ಸರಳ, ಅವನ ತೋಳಿನದೇ ಮುಂದುವರಿಕೆ. ಮುಂದಿನ ಚೌಕದಲ್ಲಿ ಅದೇ ಕತ್ತಿ ಹತ್ತಿರಕ್ಕೆ ಬರುತ್ತದೆ: ಹಿಡಿಗೆ ಸುತ್ತಿದ ದಾರ, ಅಲಗಿನ ಹೊಳಪು, ಲೋಹದ ಭಾರ ಎಲ್ಲವೂ ಕಾಣುತ್ತದೆ. ಅದೀಗ ಅವನದಲ್ಲ. ಮತ್ತೊಂದು ಚೌಕ ದಾಟಿದರೆ ಕತ್ತಿ ಸೊಂಟಕ್ಕೆ ಮರಳಿ, ಮತ್ತೆ ಎರಡೇ ಗೆರೆಯಾಗಿರುತ್ತದೆ.