ಏಳು ಅಕ್ಷರದ ಕವಿತೆ, ಐನೂರು ಡಾಲರ್ ಗೌರವಧನ: ಅರಾಮ್ ಸರೋಯನ್ ಪ್ರಕರಣದ ಹಿನ್ನೆಲೆ

ಅಮೆರಿಕದಲ್ಲಿ ಸರ್ಕಾರ ಕಲೆಗೆ ಹಣ ಕೊಡಬೇಕೇ ಎಂಬ ಚರ್ಚೆಯಲ್ಲಿ ಒಂದು ಕವಿತೆ ಮತ್ತೆ ಮತ್ತೆ ಉದಾಹರಣೆಯಾಗಿ ಬರುತ್ತದೆ. ಅದರಲ್ಲಿರುವುದು ಒಂದೇ ಪದ. ಬೆಳಕನ್ನು ಹೇಳುವ ಇಂಗ್ಲಿಷಿನ 'ಲೈಟ್' ಪದದಲ್ಲಿ ಜಿ ಮತ್ತು ಎಚ್ ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಆ ಜೋಡಿಯನ್ನು ಇನ್ನೊಮ್ಮೆ ಸೇರಿಸಿದರೆ ಕವಿತೆ ಪೂರ್ತಿಯಾಯಿತು. ಒಟ್ಟು 7 ಅಕ್ಷರ. ಅರಾಮ್ ಸರೋಯನ್ ಇದನ್ನು ಬರೆದದ್ದು 1965ರಲ್ಲಿ. ಕಲೆಗಳಿಗೆ ನೆರವು ನೀಡುವ ರಾಷ್ಟ್ರೀಯ ನಿಧಿ ಹುಟ್ಟಿದ್ದೂ ಅದೇ ವರ್ಷ.

ಅರಾಮ್ ಹುಟ್ಟಿದ್ದು 1943ರಲ್ಲಿ. ತಂದೆ ವಿಲಿಯಂ ಸರೋಯನ್ ಅರ್ಮೇನಿಯನ್ ವಲಸಿಗರ ಮಗ. 1940ರಲ್ಲಿ ಪುಲಿಟ್ಜರ್ ಬಹುಮಾನವನ್ನೇ ಬೇಡವೆಂದ ಕಥೆಗಾರ, ನಾಟಕಕಾರ. ಅವರು ಧಾರಾಳವಾಗಿ, ತುಂಬಿ ಹರಿಯುವಂತೆ ಬರೆದವರು. ಮಗ ಹಿಡಿದದ್ದು ತೀರ ಎದುರು ದಿಕ್ಕನ್ನು. ನ್ಯೂಯಾರ್ಕಿನಲ್ಲಿ ಆಗ ಶಿಲ್ಪಿಗಳು ಬರೀ ಪೆಟ್ಟಿಗೆಗಳನ್ನು ಇಟ್ಟು 'ನೋಡಿ' ಎನ್ನುತ್ತಿದ್ದ ಕಾಲ. ಅರಾಮ್ ಟೈಪ್‌ರೈಟರಿನಲ್ಲಿ ಪುಟಕ್ಕೊಂದು ಪದ ಹೊಡೆದು ಅದೇ ಕೆಲಸ ಮಾಡಿದರು. ಐದು ಪದದ ಕವಿತೆಗೂ ಒಂದು ಆರಂಭ, ಒಂದು ಕೊನೆ ಇರುತ್ತದೆ. ಒಂದೇ ಪದವಾದರೆ ಓದುವ ಕ್ರಿಯೆಯೇ ಇಲ್ಲ, ಕಂಡ ಕ್ಷಣಕ್ಕೆ ಮುಗಿಯುತ್ತದೆ ಎಂಬುದು ಅವರ ವಾದ. ಮೌನವಾಗಿದ್ದ ಅಕ್ಷರಗಳು ಇಮ್ಮಡಿಯಾದಾಗ ಬೆಳಕು ಒಂದಿಷ್ಟು ಹೊತ್ತು ಹೆಚ್ಚು ನಿಂತಂತೆ ಕಾಣುತ್ತದೆ. ಬಾಯಲ್ಲಿ ಹೇಳಲಾಗದು, ಕಣ್ಣಿಗೆ ಮಾತ್ರ ದಕ್ಕುತ್ತದೆ. ಇದಕ್ಕಿಂತ ಹೆಚ್ಚು ವಿವರಣೆ ಅದಕ್ಕೆ ಬೇಕಿಲ್ಲ.

ಕವಿತೆ 'ಷಿಕಾಗೋ ರಿವ್ಯೂ'ನಲ್ಲಿ ಬಂತು. ಜಾರ್ಜ್ ಪ್ಲಿಂಪ್ಟನ್ ಸಂಪಾದಿಸುತ್ತಿದ್ದ, ರಾಷ್ಟ್ರೀಯ ನಿಧಿಯ ನೆರವಿದ್ದ ಸಂಕಲನಕ್ಕೆ ಕವಿ ರಾಬರ್ಟ್ ಡಂಕನ್ ಅದನ್ನು ಆರಿಸಿದರು. ನಿಯಮದಂತೆ ಕವಿಗೆ 500 ಡಾಲರ್, ಪತ್ರಿಕೆಗೆ 250 ಡಾಲರ್ ಸಂದಿತು. ಪದ ಎಣಿಸಿ ಯಾರಿಗೂ ಕೊಟ್ಟಿರಲಿಲ್ಲ. ಆದರೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಲೆಕ್ಕ ಶುರುವಾದದ್ದು ಅಲ್ಲಿಂದಲೇ: ಒಂದು ಪದಕ್ಕೆ ಇಷ್ಟು ದುಡ್ಡೇ, ಅದೂ ಕಾಗುಣಿತ ತಪ್ಪಿದ ಪದಕ್ಕೆ? ತೆರಿಗೆ ಕಟ್ಟುವವರ ಪ್ರಶ್ನೆ ಸಹಜ. ಆದರೆ ಕವಿತೆಯನ್ನು ಒಮ್ಮೆ ನೋಡಿ ಕೇಳಿದ್ದರೆ ಅದು ಬೇರೆ ಪ್ರಶ್ನೆಯಾಗುತ್ತಿತ್ತು. ಮೂರು ಸಂಪುಟಗಳಾದ ಮೇಲೆ ಸಂಕಲನ ಮಾಲೆಯೇ ನಿಂತಿತು. ಎರಡು ದಶಕ ಕಳೆದು, ನಿಧಿಯ ನೆರವು ಸಂದಿದ್ದ ಕೆಲವು ಛಾಯಾಚಿತ್ರಗಳ ವಿಚಾರದಲ್ಲಿ ದೊಡ್ಡ ಗಲಾಟೆಯೆದ್ದು, 1990ರ ದಶಕದಲ್ಲಿ ನಿಧಿಯ ಬಜೆಟ್ಟಿಗೇ ಕತ್ತರಿ ಬಿತ್ತು.

ಅಷ್ಟರಲ್ಲಿ ಅರಾಮ್ ಕಿರುಗವಿತೆಗಳಿಂದ ದೂರ ಸರಿದಿದ್ದರು. ಕ್ಯಾಲಿಫೋರ್ನಿಯಾದ ಬೊಲಿನಾಸ್‌ನಲ್ಲಿ ಸಂಸಾರ ಹೂಡಿ ಗದ್ಯಕ್ಕೆ ಹೊರಳಿದರು: ಆತ್ಮಕಥನದ ಕಾದಂಬರಿ 'ದ ಸ್ಟ್ರೀಟ್', ಕವಿ ಲ್ಯೂ ವೆಲ್ಚ್ ಕುರಿತ 'ಜೆನೆಸಿಸ್ ಏಂಜಲ್ಸ್'. 1981ರಲ್ಲಿ ತಂದೆ ತೀರಿಕೊಂಡರು. ಆ ಸಾವನ್ನೂ ಮುನಿಸು ತುಂಬಿದ ತಂದೆ-ಮಗನ ನಂಟನ್ನೂ ಬಿಚ್ಚಿಟ್ಟ 'ಲಾಸ್ಟ್ ರೈಟ್ಸ್' ಮರುವರ್ಷ ಬಂತು. ಒಂದು ಪದದ ಕವಿಗೆ ಹೇಳಲು ಎಷ್ಟಿತ್ತು ಎಂಬುದು ತಿಳಿಯಬೇಕಾದರೆ ಈ ಪುಸ್ತಕ ಓದಬೇಕು. 2007ರಲ್ಲಿ ಆ ಹಳೆಯ ಕವಿತೆಗಳೆಲ್ಲ ಒಂದೇ ಸಂಪುಟವಾಗಿ ಹೊರಬಂದು, ಮರುವರ್ಷ ಅಮೆರಿಕದ ಪೊಯೆಟ್ರಿ ಸೊಸೈಟಿಯ ವಿಲಿಯಂ ಕಾರ್ಲೋಸ್ ವಿಲಿಯಮ್ಸ್ ಪ್ರಶಸ್ತಿ ಪಡೆದವು. ಅವರ ಗದ್ಯಕ್ಕೆ ಅಂಥ ಮರುಓದು ಇನ್ನೂ ಸಿಗಬೇಕಿದೆ.