ಎರಡು ನಿಮಿಷದ ವಿಮಾನಯಾನ ನಿಜವೇ?

ಪ್ರಶ್ನೆ: ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿರುವ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ? ಹಾರಲು ಎಷ್ಟು ಹೊತ್ತು ಬೇಕು? ಒಂದು ಕಡೆ ಎರಡು ನಿಮಿಷ ಅಂತಿದೆ, ಇನ್ನೊಂದು ಕಡೆ ಅರ್ಧ ಗಂಟೆ ಅಂತಿದೆ. ಯಾವುದನ್ನು ನಂಬಬೇಕು?

ಎರಡು ನಿಮಿಷವನ್ನೇ ನಂಬಿ. ದೂರ ಸುಮಾರು 2.7 ಕಿಲೋಮೀಟರ್ ಅಷ್ಟೇ. ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದ ಒಂದೊಂದು ರನ್‌ವೇ 4 ಕಿಲೋಮೀಟರ್ ಉದ್ದವಿದೆ. ಆ ಇಡೀ ಪ್ರಯಾಣವನ್ನು ಅದರ ಮೇಲೆ ಹಾಸಿದರೂ ಇನ್ನೂ ಒಂದು ಕಿಲೋಮೀಟರಿಗಿಂತ ಹೆಚ್ಚು ಜಾಗ ಮಿಗುತ್ತದೆ!

ಅರ್ಧ ಗಂಟೆ ಎಲ್ಲಿಂದ ಬಂತು? ದೂರ ಕೊಟ್ಟರೆ ಸಮಯ ಹೇಳುವ ಹಲವು ಜಾಲತಾಣಗಳು ದೂರವನ್ನು ಜೆಟ್ ವಿಮಾನದ ವೇಗದಿಂದ ಭಾಗಿಸಿ, ಏರುವುದಕ್ಕೆ ಇಳಿಯುವುದಕ್ಕೆ ಅಂತ ಅರ್ಧ ಗಂಟೆ ಸೇರಿಸಿಬಿಡುತ್ತವೆ. ದೆಹಲಿಗೆ ಹೋಗುವವರಿಗೆ ಆ ಲೆಕ್ಕ ಸರಿ. ಇಲ್ಲಿ ಹಾರುವುದು ಜೆಟ್ ಅಲ್ಲ, ಬ್ರಿಟನ್-ನಾರ್ಮನ್ ಐಲ್ಯಾಂಡರ್ ಎಂಬ ಪುಟ್ಟ ವಿಮಾನ. ಪೈಲಟ್ ಒಬ್ಬರೇ. ಅವರ ಪಕ್ಕದ ಸೀಟಿನಲ್ಲೂ ಪ್ರಯಾಣಿಕರು ಕೂರುತ್ತಾರೆ. ಏರುತ್ತಿದ್ದೇವೆ ಅನ್ನುವಷ್ಟರಲ್ಲಿ ಕೆಳಗೆ ಸಮುದ್ರ, ಅದನ್ನು ಕಣ್ತುಂಬ ನೋಡುವ ಮೊದಲೇ ಎದುರಿಗೆ ರನ್‌ವೇ.

ಹಾಗಂತ ದಿನವೂ ಒಂದೇ ಸಮಯ ಹಿಡಿಯುವುದಿಲ್ಲ. ಈ ಮಾರ್ಗದಲ್ಲಿ ಎಲ್ಲವನ್ನೂ ನಿರ್ಧರಿಸುವುದು ಗಾಳಿ. ವಿಮಾನ ಗಾಳಿಗೆ ಮುಖ ಮಾಡಿಯೇ ಏರಬೇಕು, ಇಳಿಯಬೇಕು. ಪಾಪಾ ವೆಸ್ಟ್ರೇ ಇರುವುದು ವೆಸ್ಟ್ರೇಯ ನಿಲ್ದಾಣಕ್ಕೆ ಪೂರ್ವದಲ್ಲಿ. ಪೂರ್ವದ ಗಾಳಿಯಿದ್ದರೆ ನೆಟ್ಟಗೆ ಹೋಗಿ ಇಳಿದರಾಯಿತು. ಪಶ್ಚಿಮದ ಗಾಳಿ ಜೋರಾಗಿದ್ದರೆ ಹೋಗಬೇಕಾದ ಊರಿಗೆ ಬೆನ್ನು ಹಾಕಿ ಏರಬೇಕು, ತಿರುಗಿ ಬಂದು ದ್ವೀಪವನ್ನು ದಾಟಬೇಕು, ಆಮೇಲೆ ಮತ್ತೆ ತಿರುಗಿ ಇಳಿಯಬೇಕು. ನಕ್ಷೆಯಲ್ಲಿ ದೂರ ಅಷ್ಟೇ ಇದ್ದರೂ ಹಾರಿದ ದೂರ ಎರಡರಷ್ಟೋ ಮೂರರಷ್ಟೋ ಆಗಿರುತ್ತದೆ. ಎಲ್ಲವೂ ಕೂಡಿಬಂದ ದಿನ ಇದೇ ಹಾರಾಟ 53 ಸೆಕೆಂಡಿನಲ್ಲಿ ಮುಗಿದ ದಾಖಲೆಯೂ ಇದೆ.

ಇದನ್ನು ಬರೀ ವಿಚಿತ್ರ ಅಂತ ನೋಡಬೇಡಿ ಅಂತ ನನ್ನ ಕೋರಿಕೆ. 2011ರ ಜನಗಣತಿಯಲ್ಲಿ ಪಾಪಾ ವೆಸ್ಟ್ರೇಯಲ್ಲಿದ್ದವರು 90 ಜನ. ಅಷ್ಟು ಜನರಿಗಾಗಿ ಲೋಗನೇರ್ ಸಂಸ್ಥೆ 1967ರಿಂದ ಈ ವಿಮಾನ ಓಡಿಸುತ್ತಿದೆ, ಆರ್ಕ್ನಿ ದ್ವೀಪಗಳ ಸ್ಥಳೀಯ ಆಡಳಿತ ಅದಕ್ಕೆ ಹಣ ಕೊಡುತ್ತದೆ. ಅದರಲ್ಲಿ ಓಡಾಡುವವರು ಮೇಷ್ಟ್ರುಗಳು, ಡಾಕ್ಟರುಗಳು, ಆಸ್ಪತ್ರೆಗೆ ಹೊರಟ ರೋಗಿಗಳು. ನಮ್ಮಲ್ಲಿ ಹೊಳೆಯಾಚೆಯ ಊರಿಗೆ ಲಾಂಚ್ ಹೇಗೋ ಅಲ್ಲಿ ಇದು ಹಾಗೆ.

ನೀವೇ ಹೋಗುವುದಾದರೆ ಎರಡು ನಿಮಿಷದ ಭರವಸೆಯ ಮೇಲೆ ಹೊರಡಬೇಡಿ. ಮೊದಲು ಆರ್ಕ್ನಿಯ ಮುಖ್ಯ ಊರಾದ ಕರ್ಕ್‌ವಾಲ್ ತಲುಪಬೇಕು, ಪುಟ್ಟ ವಿಮಾನ ಹೊರಡುವುದು ಅಲ್ಲಿಂದ. ಮಂಜು ಕವಿದರೆ ಕಾಯಬೇಕಾದೀತು, ಒಂದು ದಿನ ಕೈಯಲ್ಲಿಟ್ಟುಕೊಂಡಿರಿ. ಇಳಿದ ಮೇಲೆ ನ್ಯಾಪ್ ಆಫ್ ಹೋವರ್ ನೋಡದೆ ಬರಬೇಡಿ: ಕ್ರಿ.ಪೂ. 3700ರ ಸುಮಾರಿಗೆ ಕಟ್ಟಿದ ರೈತರ ಕಲ್ಲುಮನೆ, ಗೋಡೆಗಳು ಇವತ್ತಿಗೂ ನಿಂತಿವೆ.