ಫೈಮೋಸಿಸ್: ಎಳೆ ಮಗುವಿಗೆ ಎಲ್ಲಿಯ ಬಾಯಿಕುಕ್ಕೆ?

‘ನವಜಾತ ಶಿಶುವಿಗೆ ಫೈಮೋಸಿಸ್ ಇದೆ, ಸುನ್ನತಿ ಮಾಡಿಸಬೇಕು.’ ಈ ವರ್ಷ ಈ ವಾಕ್ಯ ಕಣ್ಣಿಗೆ ಬಿದ್ದದ್ದು ನಾಲ್ಕನೇ ಸಲ. ಎರಡು ಸಲ ಆರೋಗ್ಯ ಅಂಕಣಗಳಲ್ಲಿ, ಒಂದು ಸಲ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿದ್ದ ವಿಡಿಯೊದಲ್ಲಿ. ನಾಲ್ಕನೆಯದು ನಮ್ಮ ಮನೆಯದೇ ಮಗುವಿನ ಡಿಸ್ಚಾರ್ಜ್ ಚೀಟಿಯಲ್ಲಿ. ಅಲ್ಲಿಗೆ ಸುಮ್ಮನಿರುವುದು ಆಗಲಿಲ್ಲ.

ಮಂಡ್ಯದ ಗುತ್ತಲಿನಿಂದ ಚಿಕ್ಕಮ್ಮ ಫೋನ್ ಮಾಡಿದ್ದರು. ಮೊಮ್ಮಗ ಹುಟ್ಟಿ ಒಂಬತ್ತು ದಿನ. “ಮಗೀಗೆ ಅದೇನೋ ಪೈಮೋಸ ಅಂತ ಬರ್ದವ್ರೆ ಕಣಪ್ಪ. ಸುನ್ನತಿ ಮಾಡುಸ್ಬೇಕು ಅಂದ್ಲು ನರ್ಸಮ್ಮ. ಮುಸಲ್ಮಾನ್ರು ಮಾಡುಸ್ತಾರಲ್ಲ, ಅದೇಯಾ? ಕಾಯ್ಲೆಗೂ ಅದುನ್ನೇ ಮಾಡ್ತಾರಾ?” ಮಗು ಚೆನ್ನಾಗಿ ಉಚ್ಚೆ ಹೊಯ್ಯುತ್ತದೆಯೇ ಎಂದು ಕೇಳಿದೆ. “ಹುಯ್ಯಕ್ಕೇನು, ನಿನ್ನೆ ನನ್ ಮಖಕ್ಕೇ ಹುಯ್ದ” ಎಂದರು. ಹಾಗಿದ್ದರೆ ಏನೂ ಮಾಡಿಸಬೇಡಿ, ಮೊದಲು ಇನ್ನೊಬ್ಬ ಮಕ್ಕಳ ಡಾಕ್ಟರಿಗೆ ತೋರಿಸೋಣ ಎಂದೆ. ಆದರೆ ಚಿಕ್ಕಮ್ಮ ಕೇಳಿದ ಪ್ರಶ್ನೆ ಸರಿಯಾದದ್ದು. ಕಾಯಿಲೆಯ ಹೆಸರು, ಧರ್ಮದ ಹೆಸರು, ಆಸ್ಪತ್ರೆಯ ಕೆಲಸದ ಹೆಸರು, ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಯಾರಿಗೆ ಏನು ಅರ್ಥವಾಗಬೇಕು?

ಮೊದಲು ಫೈಮೋಸಿಸ್. ಗ್ರೀಕಿನಲ್ಲಿ ಫಿಮೋಸ್ ಎಂದರೆ ಬಾಯಿಕುಕ್ಕೆ. ರಾಗಿ ಕಣದಲ್ಲಿ ಗುಂಡು ಎಳೆಯುವ ಎತ್ತು ತೆನೆಗೆ ಬಾಯಿ ಹಾಕದಿರಲಿ, ಕುಂಟೆ ಹೊಡೆಯುವಾಗ ಪೈರು ಕೀಳದಿರಲಿ ಎಂದು ಮೂತಿಗೆ ಕಟ್ಟುತ್ತಿದ್ದ ಹಗ್ಗದ ಕುಕ್ಕೆ ಮಂಡ್ಯ ಸೀಮೆಯಲ್ಲಿ ಐವತ್ತು ದಾಟಿದ ಎಲ್ಲರಿಗೂ ಗೊತ್ತು. ನಮ್ಮ ಅಟ್ಟದಲ್ಲಿ ಈಗಲೂ ಒಂದಿದೆ. ಎತ್ತಿನ ಜೊಲ್ಲು ಒಣಗಿ ಒಣಗಿ ಅದರ ಹುರಿ ಕಡ್ಡಿಯಂತೆ ಗಟ್ಟಿಯಾಗಿದೆ. ‘ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬೇಡ’ ಎಂದು ಬೈಬಲಿನಲ್ಲಿ ಒಂದು ಮಾತಿದೆ. ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ ಈ ಮಾತನ್ನು ಹೊಸ ಒಡಂಬಡಿಕೆಯಲ್ಲಿ, ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ, ಮತ್ತೆ ಎತ್ತಿ ಹೇಳಿದೆ. ಆ ಪತ್ರದ ಗ್ರೀಕ್ ಮೂಲದಲ್ಲಿ ‘ಬಾಯಿ ಕಟ್ಟು’ ಎನ್ನುವುದಕ್ಕೆ ಇರುವ ಕ್ರಿಯಾಪದ ಇದೇ ಫಿಮೋಸ್‌ನಿಂದ ಹುಟ್ಟಿದ್ದು. ವೈದ್ಯರು ಆ ಎತ್ತಿನ ಮಾತನ್ನು ತಂದು, ಶಿಶ್ನದ ತುದಿಯನ್ನು ಮುಚ್ಚುವ ಮುಂದೊಗಲಿನ ಬಾಯಿ ಬಿಗಿದು ಹಿಂದಕ್ಕೆ ಸರಿಯದ ಸ್ಥಿತಿಗೆ ಇಟ್ಟರು.

ಮುಂದೊಗಲು ಅಚ್ಚ ಕನ್ನಡದ ಪದ. ಮುಂ, ತೊಗಲು ಸೇರಿ ತಕಾರ ದಕಾರವಾಗಿದೆ. ಕನ್ನಡ ಬೈಬಲಿನಲ್ಲೂ ಇದೇ ಇದೆ. ಇಷ್ಟು ಸಲೀಸಾದ ಪದ ಇರುವಾಗ ಅಂಕಣಕಾರರು ‘ಶಿಶ್ನದ ಮುಂಭಾಗದ ಹೆಚ್ಚುವರಿ ಚರ್ಮ’ ಎಂದು ಯಾಕೆ ಬರೆಯುತ್ತಾರೋ. ‘ಹೆಚ್ಚುವರಿ’ ಎಂದ ಕೂಡಲೇ ಕತ್ತರಿಸಬಹುದು ಎಂದು ಅರ್ಧ ತೀರ್ಪು ಕೊಟ್ಟಂತೆ. ರೆಪ್ಪೆಯನ್ನು ಯಾರೂ ಕಣ್ಣಿನ ಮೇಲಿನ ಹೆಚ್ಚುವರಿ ಚರ್ಮ ಎನ್ನುವುದಿಲ್ಲ.

ಕುಕ್ಕೆಯ ವಿಷಯಕ್ಕೆ ಬರೋಣ. ಕುಕ್ಕೆ ಹಾಕಿಕೊಂಡೇ ಹುಟ್ಟುವ ಕರು ಇಲ್ಲ. ಅದು ಆಮೇಲೆ ಬಂದು ಕೂರುವ ಕಟ್ಟು. ನಿಜವಾದ ಫೈಮೋಸಿಸ್ ಕೂಡ ಹಾಗೆಯೇ. ಸರಿಯುತ್ತಿದ್ದ ಅಥವಾ ಸರಿಯಬೇಕಾದ ತೊಗಲು ಸೋಂಕಿನಿಂದಲೋ ಗಾಯದ ಕಲೆಯಿಂದಲೋ ಬಿಗಿದುಕೊಳ್ಳುತ್ತದೆ. ಆಗ ತುದಿಯಲ್ಲಿ ಬೆಳ್ಳಗೆ ಗಟ್ಟಿಯಾದ ಉಂಗುರ ಕಾಣುತ್ತದೆ. ಹಸುಗೂಸಿನದು ಬೇರೆಯೇ ಕಥೆ. ಅಲ್ಲಿ ತೊಗಲಿನ ಒಳಪದರ ಇನ್ನೂ ಶಿಶ್ನದ ತುದಿಗೆ ಅಂಟಿಕೊಂಡೇ ಇರುತ್ತದೆ. ಬಾಳೆಯ ಸುಳಿ ನೋಡಿದ್ದೀರಲ್ಲ, ಸುತ್ತಿಕೊಂಡೇ ಹೊರಗೆ ಬರುತ್ತದೆ. ಬೆರಳು ಹಾಕಿ ಬಿಚ್ಚಲು ಹೋದರೆ ಸೀಳುತ್ತದೆ, ಬಿಟ್ಟರೆ ತಾನೇ ಬಿಚ್ಚಿಕೊಳ್ಳುತ್ತದೆ. ಎಲೆ ಇನ್ನೂ ಸುಳಿಯಾಗಿರುವುದನ್ನು ಬಾಳೆಯ ರೋಗ ಎಂದು ಬರೆಯುವ ತೋಟಗಾರ ಯಾರೂ ಇಲ್ಲ.

ಇದನ್ನು ಲೆಕ್ಕ ಹಾಕಿ ತೋರಿಸಿದವರು ಬ್ರಿಟನ್ನಿನ ಮಕ್ಕಳ ವೈದ್ಯ ಡಗ್ಲಸ್ ಗೇರ್ಡ್‌ನರ್. 1949ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅವರ ಲೇಖನದ ಪ್ರಕಾರ, ಹುಟ್ಟಿದಾಗ ಮುಂದೊಗಲು ಪೂರ್ತಿ ಸರಿಯುವುದು ನೂರಕ್ಕೆ 4 ಮಕ್ಕಳಲ್ಲಿ ಮಾತ್ರ. ಮೂರು ವರ್ಷದ ಹೊತ್ತಿಗೆ ಸುಮಾರು 90 ಮಕ್ಕಳಲ್ಲಿ ಸರಿಯುತ್ತದೆ. ಇದಕ್ಕಿಂತ ನಿಧಾನವಾದರೂ ಚಿಂತೆಯಿಲ್ಲ ಎಂದು ಆಮೇಲಿನ ಅಧ್ಯಯನಗಳು ಹೇಳಿದವು. 1968ರಲ್ಲಿ ಡೆನ್ಮಾರ್ಕಿನ ಶಾಲಾ ಹುಡುಗರನ್ನು ಕುರಿತು ಬಂದ ವರದಿಯಲ್ಲಿ, ಆರೇಳು ವಯಸ್ಸಿನವರಲ್ಲಿ ನೂರಕ್ಕೆ 8 ಜನಕ್ಕೆ ಬಿಗಿಯಿತ್ತು. 16–17ರ ವಯಸ್ಸಿನಲ್ಲಿ ಉಳಿದದ್ದು ನೂರಕ್ಕೆ ಒಬ್ಬರಿಗೆ. ಅಂದರೆ ನೂರು ಹಸುಗೂಸುಗಳಲ್ಲಿ 96ಕ್ಕೆ ಇರುವುದನ್ನೇ ‘ಕಾಯಿಲೆ’ ಎಂದು ಬರೆದುಕೊಟ್ಟ ಚೀಟಿ ನಮ್ಮ ಚಿಕ್ಕಮ್ಮನ ಕೈಯಲ್ಲಿದ್ದದ್ದು.

ಪದವನ್ನು ಹೀಗೆ ತಪ್ಪಾಗಿ ಅಂಟಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಚರಿತ್ರೆಯೇ ಸಾಕ್ಷಿಯಾಗಿದೆ. ನವಜಾತ ಗಂಡುಮಕ್ಕಳಿಗೆ ವಾಡಿಕೆಯಾಗಿ ಮಾಡುವ ಮುಂದೊಗಲ ಶಸ್ತ್ರಚಿಕಿತ್ಸೆಯ ಬಗ್ಗೆ ಪಶ್ಚಿಮದಲ್ಲಿ ಇವತ್ತಿಗೂ ನಡೆಯುತ್ತಿರುವ ಚರ್ಚೆಯ ಬೇರು ಅಲ್ಲಿಯೇ ಇದೆ. 1870ರಲ್ಲಿ ನ್ಯೂಯಾರ್ಕಿನ ಮೂಳೆ ಶಸ್ತ್ರವೈದ್ಯ ಲೂಯಿಸ್ ಸೇರ್ ಅವರಲ್ಲಿಗೆ ಕಾಲು ನೇರ ಮಾಡಲಾಗದ ಐದು ವರ್ಷದ ಹುಡುಗನನ್ನು ಕರೆತಂದರು. ಸೇರ್ ಅವನಲ್ಲಿ ಬಿಗಿ ಮುಂದೊಗಲನ್ನು ಕಂಡರು, ಕತ್ತರಿಸಿದರು, ಹುಡುಗ ಸುಧಾರಿಸಿದ. ಲಕ್ವದಂಥ ಕಾಯಿಲೆಗೆ ಫೈಮೋಸಿಸ್ಸೇ ಮೂಲ, ಅದರ ಕಿರಿಕಿರಿ ನರಗಳ ಮೂಲಕ ಮೈಯೆಲ್ಲ ಹಬ್ಬುತ್ತದೆ ಎಂದು ಅವರು ತೀರ್ಮಾನಿಸಿದರು. ಮುಂದೆ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಅಧ್ಯಕ್ಷರಾದವರ ಮಾತು, ಎದುರಾಡುವವರು ಕಡಿಮೆ. ಮೂರ್ಛೆರೋಗ, ಹಾಸಿಗೆಯಲ್ಲಿ ಉಚ್ಚೆ, ಎಲ್ಲಕ್ಕೂ ಇದೇ ಕಾರಣ ಎಂದಾಯಿತು. ಕಾರ್ನ್‌ಫ್ಲೇಕ್ಸ್‌ನ ಜಾನ್ ಹಾರ್ವಿ ಕೆಲಾಗ್ ಹಸ್ತಮೈಥುನ ಬಿಡಿಸಲು ಹುಡುಗರಿಗೆ ಅರಿವಳಿಕೆ ಕೊಡದೆ ಇದನ್ನು ಮಾಡಿ ಎಂದು ಬರೆದರು. ನೋವೇ ಮದ್ದು ಎನ್ನುವುದು ಅವರ ಲೆಕ್ಕ. ಆ ಸಿದ್ಧಾಂತಗಳೆಲ್ಲ ಸತ್ತವು, ವಾಡಿಕೆ ಮಾತ್ರ ಹೆರಿಗೆ ವಾರ್ಡುಗಳಲ್ಲಿ ಉಳಿಯಿತು. ಅಮೆರಿಕದ ಆಸ್ಪತ್ರೆಗಳಲ್ಲಿ 1979ರಲ್ಲಿ ನೂರು ಗಂಡುಕೂಸುಗಳಲ್ಲಿ 64.5ಕ್ಕೆ, 2010ರಲ್ಲಿ 58.3ಕ್ಕೆ ಮನೆಗೆ ಹೋಗುವ ಮೊದಲೇ ಇದು ಆಗಿರುತ್ತಿತ್ತು. ಅತ್ತ ಬ್ರಿಟನ್ನಿನಲ್ಲಿ ಗೇರ್ಡ್‌ನರ್, ಈ ಶಸ್ತ್ರಚಿಕಿತ್ಸೆಯಿಂದ ವರ್ಷಕ್ಕೆ ಸುಮಾರು 16 ಮಕ್ಕಳು ಸಾಯುತ್ತಿದ್ದಾರೆ ಎಂದು ಅದೇ ಲೇಖನದಲ್ಲಿ ತೋರಿಸಿದ್ದರು. 1948ರಲ್ಲಷ್ಟೇ ಶುರುವಾಗಿದ್ದ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ವಾಡಿಕೆಯ ಕತ್ತರಿಗೆ ಹಣ ಕೊಡಲಿಲ್ಲ. ಅಲ್ಲಿ ವಾಡಿಕೆ ಕರಗಿಹೋಯಿತು.

ಈ ‘ವಾಡಿಕೆ’ ಎಂಬ ಪದಕ್ಕೂ ಒಂದು ಮಾತು ಆಡಲೇಬೇಕು. ಇಂಗ್ಲಿಷಿನ ರೊಟೀನ್ ಅನ್ನು ಕನ್ನಡ ಲೇಖನಗಳಲ್ಲಿ ‘ನಿಯಮಿತ ಸುನ್ನತಿ’ ಎಂದು ಬರೆದದ್ದನ್ನು ನೋಡಿದ್ದೇನೆ, ‘ದಿನನಿತ್ಯದ ಸುನ್ನತಿ’ ಎಂದೂ ನೋಡಿದ್ದೇನೆ. ಜನ್ಮದಲ್ಲಿ ಒಂದೇ ಸಲ ಆಗುವಂಥದ್ದು ದಿನನಿತ್ಯ ಹೇಗಾದೀತು? ‘ಕಡ್ಡಾಯ’ವೂ ತಪ್ಪು, ಅಮೆರಿಕದಲ್ಲಿ ಯಾವ ಕಾನೂನೂ ಇದನ್ನು ಹೇರಿಲ್ಲ. ರೋಗ ಇರಲಿ ಬಿಡಲಿ, ಹುಟ್ಟಿದ ಎಲ್ಲರಿಗೂ ಮಾಡಿಕೊಂಡು ಬಂದದ್ದು ಎಂಬುದು ಅದರ ಅರ್ಥ. ವಾಡಿಕೆ ಎಂದರೆ ಸಾಕು.

ಇನ್ನು ಸುನ್ನತಿ. ಇದಕ್ಕೆ ‘ಕತ್ತರಿಸು’ ಎಂಬ ಅರ್ಥವೇ ಇಲ್ಲ. ಅರಬ್ಬಿಯ ಸುನ್ನತ್ ಎಂದರೆ ನಡೆದು ಬಂದ ದಾರಿ, ಪ್ರವಾದಿಯವರ ನಡಾವಳಿ. ಕತ್ತರಿಸುವ ಕ್ರಿಯೆಗೆ ಅರಬ್ಬಿಯಲ್ಲಿ ಬೇರೆಯೇ ಪದವಿದೆ, ಖಿತಾನ್. ಮೈಸೂರಿನ ಮಂಡಿ ಮೊಹಲ್ಲಾ, ಉದಯಗಿರಿಯ ಮನೆಗಳಲ್ಲಿ ಕೇಳುವ ಖತ್ನಾ ಅದೇ ಬೇರಿನದು. ನಮ್ಮ ಹಿರಿಯರು ಇದಕ್ಕೆ ಮುಂಜಿ ಎಂದೂ ಅನ್ನುತ್ತಿದ್ದರು. ಮುಂಜಿ ಬಂದದ್ದು ವಟುವಿನ ಸೊಂಟಕ್ಕೆ ಕಟ್ಟುವ ಮುಂಜದ ಹುಲ್ಲಿನ ಉಡಿದಾರದಿಂದ, ಸಂಸ್ಕೃತದ ಮೌಂಜಿಯಿಂದ. ಆ ಮನೆಯಲ್ಲಿ ಹುಲ್ಲಿನ ದಾರವೂ ಇಲ್ಲ, ಗಾಯತ್ರಿಯೂ ಇಲ್ಲ. ಆದರೂ ಹುಡುಗನೊಬ್ಬ ತನ್ನ ಜನರ ದಾರಿಗೆ ಸೇರುವ ದಿನ ಎಂಬುದನ್ನು ಕನ್ನಡಿಗರು ಸರಿಯಾಗಿಯೇ ಗುರುತಿಸಿದ್ದರು. ಈಗಿನ ಅನುವಾದಕ್ಕಿಂತ ಆ ಹಳ್ಳಿಯ ಮಾತು ಹೆಚ್ಚು ನಿಖರವಾದದ್ದು. ಕನ್ನಡ ಬೈಬಲ್ ಯೆಹೂದ್ಯರ ಎಂಟನೇ ದಿನದ ಸಂಸ್ಕಾರಕ್ಕೂ ಸುನ್ನತಿ ಎಂದೇ ಬರೆಯಿತು. ಅದೂ ಧರ್ಮದ ಒಡಂಬಡಿಕೆಯೇ ಆದ್ದರಿಂದ ಒಪ್ಪುತ್ತದೆ. ಅವರ ಧರ್ಮನಿಯಮಗಳ ಗ್ರಂಥವಾದ ತಾಲ್ಮುದ್‌ನಲ್ಲಿ ಒಂದು ನಿಯಮವಿದೆ: ಇಬ್ಬರು ಅಣ್ಣಂದಿರು ಇದರಿಂದ ಸತ್ತಿದ್ದರೆ ಮೂರನೆಯ ಮಗುವಿಗೆ ಮಾಡಬೇಡಿ. ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾಕ್ಕೆ ಹೆಸರಿಡುವ ಎಷ್ಟೋ ಶತಮಾನಗಳ ಹಿಂದೆಯೇ ಅದನ್ನು ಗಮನಿಸಿದ್ದರು.

ಆದ್ದರಿಂದ ಅಮೆರಿಕದ ಆಸ್ಪತ್ರೆಯ ವಾಡಿಕೆಗೆ ಸುನ್ನತಿ ಎಂದು ತಲೆಬರಹ ಕೊಟ್ಟಾಗ ಎರಡು ಅನ್ಯಾಯ ಒಟ್ಟಿಗೆ ಆಗುತ್ತವೆ. ಶ್ರದ್ಧೆಯಿಂದ ಮಾಡಿಸುವ ಮನೆಯವರನ್ನು, ಅವರು ಆಡದೇ ಇದ್ದ ವಾದಕ್ಕೆ ಹೊಣೆ ಮಾಡಿದಂತಾಗುತ್ತದೆ. ಅತ್ತ ವೈದ್ಯಕೀಯ ಪ್ರಶ್ನೆ ನಮ್ಮಲ್ಲಿ ಹಿಂದೂ–ಮುಸ್ಲಿಂ ಜಗಳವಾಗಿ ತಿರುಗುತ್ತದೆ. ಹೆಣ್ಣುಮಕ್ಕಳ ಜನನಾಂಗ ಕತ್ತರಿಸುವುದನ್ನು ‘ಸ್ತ್ರೀ ಸುನ್ನತಿ’ ಎನ್ನುವುದಂತೂ ಇನ್ನೂ ಕೆಟ್ಟದ್ದು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅಂಗಛೇದನ ಎನ್ನುತ್ತದೆ, ಅದರಿಂದ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ ಎಂದೂ ಹೇಳಿದೆ.

ಗಂಡುಕೂಸಿನ ಈ ಶಸ್ತ್ರಚಿಕಿತ್ಸೆಯ ಬಗ್ಗೆ ವೈದ್ಯರ ವಾದ ಏನು ಎಂದರೆ, ಲಾಭ ಇಲ್ಲವೇ ಇಲ್ಲ ಎಂದು ಯಾರೂ ಹೇಳುವುದಿಲ್ಲ. ಎಳೆ ಗಂಡುಮಕ್ಕಳಲ್ಲಿ ಮೂತ್ರದ ಸೋಂಕು ಕಡಿಮೆಯಾಗುತ್ತದೆ. ಆದರೆ ಆ ಸೋಂಕು ಬರುವುದೇ ನೂರಕ್ಕೆ ಒಬ್ಬರಿಗೆ. ಒಂದು ಸೋಂಕು ತಪ್ಪಿಸಲು ಸುಮಾರು 111 ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಬೇಕು ಎಂದು 2005ರ ಒಂದು ವಿಶ್ಲೇಷಣೆ ಲೆಕ್ಕ ಕೊಟ್ಟಿತು. ದಕ್ಷಿಣ ಆಫ್ರಿಕಾ, ಕೀನ್ಯಾ, ಉಗಾಂಡಾದ ಪ್ರಯೋಗಗಳಲ್ಲಿ ಹೆಣ್ಣಿನಿಂದ ಗಂಡಿಗೆ ಎಚ್ಐವಿ ತಗಲುವ ಸಾಧ್ಯತೆ ಸುಮಾರು ಶೇ 60ರಷ್ಟು ಇಳಿಯಿತು, 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸನ್ನೂ ಮಾಡಿತು. ಇದನ್ನು ಉಲ್ಲೇಖಿಸುವವರು ಬಿಟ್ಟುಬಿಡುವ ಸಂಗತಿ ಒಂದಿದೆ. ಆ ಪ್ರಯೋಗಗಳಲ್ಲಿ ಇದ್ದವರು ತಾವೇ ಒಪ್ಪಿ ಬಂದ ವಯಸ್ಕ ಗಂಡಸರು, ಶಿಫಾರಸು ಎಚ್ಐವಿ ವಿಪರೀತ ಹರಡಿದ ಪ್ರದೇಶಗಳಿಗೆ. ತೊಟ್ಟಿಲಲ್ಲಿರುವ ಕೂಸಿಗೆ ಆ ಅಪಾಯ ಬರುವ ಹೊತ್ತಿಗೆ ಅದು ತಾನೇ ಬಾಯಿಬಿಟ್ಟು ಹೌದು ಇಲ್ಲ ಹೇಳುವ ವಯಸ್ಸಿಗೆ ಬಂದಿರುತ್ತದೆ.

ನೈತಿಕ ಚರ್ಚೆಯೆಲ್ಲ ನಿಂತಿರುವುದು ಈ ಕಾಯುವಿಕೆಯ ಮೇಲೆಯೇ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ, ಲಾಭ ಅಪಾಯಕ್ಕಿಂತ ಹೆಚ್ಚು, ಆದರೂ ಎಲ್ಲ ಮಕ್ಕಳಿಗೂ ಮಾಡಿಸಿ ಎನ್ನುವಷ್ಟಿಲ್ಲ, ಅಪ್ಪ ಅಮ್ಮ ನಿರ್ಧರಿಸಲಿ ಎಂದಿತು. ಕೆನಡಾದ ಮಕ್ಕಳ ವೈದ್ಯರ ಸಂಘ 2015ರಲ್ಲಿ, ಎಲ್ಲ ನವಜಾತರಿಗೂ ಮಾಡುವುದನ್ನು ನಾವು ಶಿಫಾರಸು ಮಾಡುವುದಿಲ್ಲ ಎಂದಿತು. ನೆದರ್ಲೆಂಡ್ಸ್‌ನ ವೈದ್ಯರ ಸಂಘ 2010ರಲ್ಲೇ, ರೋಗವಿಲ್ಲದೆ ಮಗುವಿನ ಮೈ ಕತ್ತರಿಸುವುದು ಮಗುವಿನ ಹಕ್ಕಿಗೆ ವಿರುದ್ಧ ಎಂದಿತ್ತು. ಜರ್ಮನಿಯ ಕಲೋನ್ ನ್ಯಾಯಾಲಯ 2012ರ ಮೇ ತಿಂಗಳಲ್ಲಿ ಇದನ್ನು ಮೈಗೆ ಮಾಡಿದ ಗಾಯ ಎಂದು ತೀರ್ಪು ಕೊಟ್ಟಿತು. ಮುಸ್ಲಿಮರೂ ಯೆಹೂದ್ಯರೂ ಒಟ್ಟಾಗಿ ವಿರೋಧಿಸಿದರು. ಡಿಸೆಂಬರ್ ಹೊತ್ತಿಗೆ ಅಲ್ಲಿನ ಸಂಸತ್ತು ವೈದ್ಯಕೀಯ ಕ್ರಮದಂತೆ ಮಾಡಿದರೆ ಅಡ್ಡಿಯಿಲ್ಲ ಎಂದು ಕಾನೂನು ತಂದಿತು. ಶ್ರದ್ಧೆಯ ಪ್ರಶ್ನೆಯನ್ನು ಆಯಾ ಮನೆಯವರು ತಮ್ಮೊಳಗೇ ಮಾತಾಡಿಕೊಳ್ಳಲಿ. ನನ್ನ ತಕರಾರು ಶ್ರದ್ಧೆಯೂ ಇಲ್ಲದ, ರೋಗವೂ ಇಲ್ಲದ ಕತ್ತರಿಯ ಮೇಲೆ. ಅದಕ್ಕೆ ಹಸುಗೂಸಿನ ಮೇಲೆ ರೋಗದ ಹೆಸರು ಬರೆದು ದಾರಿ ಮಾಡಿಕೊಡುವುದನ್ನು ಒಪ್ಪಲಾರೆ.

ನಮ್ಮಲ್ಲಿ ಅಮೆರಿಕದ ವಾಡಿಕೆ ಇಲ್ಲ. ನಮ್ಮ ತಪ್ಪು ಬಚ್ಚಲಮನೆಯಲ್ಲಿದೆ. ಎಣ್ಣೆ ನೀರು ಹಾಕುವ ಅಜ್ಜಿ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಹರಳೆಣ್ಣೆ ಹಚ್ಚಿ, ತಲೆ ತಟ್ಟಿ, ಮೂಗು ನೀವಿ, ಕೊನೆಗೆ ಅಲ್ಲಿಗೂ ಒಂದು ಹನಿ ಬಿಟ್ಟು ತೊಗಲನ್ನು ಹಿಂದಕ್ಕೆ ಎಳೆಯುತ್ತಾರೆ. ಗುತ್ತಲಿನ ಮನೆಯಲ್ಲೂ ನಡೆಯುತ್ತಿತ್ತು. ಕೂಸು ಕಿರುಚಿದರೆ “ಬುಡಿ, ಗಂಡುಮಗ” ಎನ್ನುತ್ತಿದ್ದರು. ಅಜ್ಜಿಯ ಪ್ರೀತಿಯ ಬಗ್ಗೆ ನನಗೆ ಒಂದು ಚೂರೂ ಸಂಶಯವಿಲ್ಲ. ಆದರೆ ಹಾಗೆ ಎಳೆದಾಗ ಅಂಟಿದ ಪದರ ಹರಿಯುತ್ತದೆ, ಹರಿದದ್ದು ಮಾಯುವಾಗ ಕಲೆಗಟ್ಟುತ್ತದೆ, ಆ ಕಲೆಯೇ ಮುಂದೆ ನಿಜವಾದ ಫೈಮೋಸಿಸ್ ಆಗಬಹುದು. ಇಲ್ಲದ ಕುಕ್ಕೆಯನ್ನು ಬಿಚ್ಚಲು ಹೋಗಿ ನಾವೇ ಹೆಣೆದುಕೊಟ್ಟಂತೆ. ಹೊರಗಿನಿಂದ ನೀರು ಹಾಕಿ ತೊಳೆದರೆ ಮುಗಿಯಿತು.

ಮೈಸೂರಿನಲ್ಲಿ ತೋರಿಸಿದ ಮಕ್ಕಳ ಡಾಕ್ಟರು ಕೂಸನ್ನು ಒಂದು ನಿಮಿಷ ನೋಡಿದರು. ಅಷ್ಟರಲ್ಲಿ ಅದು ಅವರ ಮೇಜಿನ ಮೇಲೆ ಕಮಾನಾಗಿ ಉಚ್ಚೆ ಹೊಯ್ದಿತು. ಆ ಚೀಟಿಯ ಪದದ ಮೇಲೆ ಅಡ್ಡಗೆರೆ ಎಳೆದು ‘ನಾರ್ಮಲ್’ ಎಂದು ಬರೆದು, “ನೀರು ಹಾಕೋರಿಗೆ ಎಳೀಬೇಡಿ ಅಂತ ಹೇಳಿ, ಅಷ್ಟೇ” ಎಂದರು.

ಪದವನ್ನು ಬಿಟ್ಟೇಬಿಡಿ ಎಂದು ನಾನು ಹೇಳುತ್ತಿಲ್ಲ. ಆ ಕಾಯಿಲೆ ಇದೆ. ಸುಶ್ರುತ ಅದನ್ನು ನಿರುದ್ಧಪ್ರಕಶ ಎಂದು ಕರೆದು ಕ್ಷುದ್ರರೋಗಗಳಲ್ಲಿ, ಅಂದರೆ ಸಣ್ಣ ರೋಗಗಳ ಸಾಲಿನಲ್ಲಿ, ಸೇರಿಸಿದ್ದಾನೆ. ಮೂತ್ರ ಸಣ್ಣ ಧಾರೆಯಾಗಿ ಬರುತ್ತದೆ ಎಂದು ಲಕ್ಷಣ ಹೇಳಿ, ಎರಡೂ ಕಡೆ ಬಾಯಿರುವ ಲೋಹದ, ಮರದ ಅಥವಾ ಅರಗಿನ ನಳಿಗೆಗೆ ತುಪ್ಪ ಸವರಿ ತೂರಿಸಬೇಕು, ಮೂರು ದಿನಕ್ಕೊಮ್ಮೆ ಇನ್ನಷ್ಟು ದಪ್ಪನೆಯದನ್ನು ಹಾಕುತ್ತಾ ಹೋಗಬೇಕು ಎಂದು ಚಿಕಿತ್ಸೆ ಹೇಳಿದ್ದಾನೆ. ಈಗಿನವರೂ ಮೊದಲು ಕತ್ತರಿ ಹಿಡಿಯುವುದಿಲ್ಲ. ಕೆಲವು ವಾರ ಸ್ಟೆರಾಯ್ಡ್ ಮುಲಾಮು ಹಚ್ಚಿಸುತ್ತಾರೆ, ಬಹುಪಾಲು ಮಕ್ಕಳಲ್ಲಿ ಅಷ್ಟಕ್ಕೇ ಸಡಿಲವಾಗುತ್ತದೆ. ಉಚ್ಚೆ ಹೊಯ್ಯಲು ಮಗು ತಿಣುಕುತ್ತಿದ್ದರೆ, ಹನಿ ಹನಿಯಾಗಿ ಬರುತ್ತಿದ್ದರೆ, ತುದಿಯಲ್ಲಿ ಬಿಳಿ ಉಂಗುರ ಕಂಡರೆ, ಸರಿಯುತ್ತಿದ್ದ ತೊಗಲು ಸರಿಯದಂತಾದರೆ, ಕೆಂಪಾಗಿ ಊದಿ ಮತ್ತೆ ಮತ್ತೆ ಕೀವು ಬಂದರೆ ಅದು ಫೈಮೋಸಿಸ್ ಇರಬಹುದು, ಡಾಕ್ಟರಿಗೆ ತೋರಿಸಿ. ಹಿಂದಕ್ಕೆ ಸರಿದ ತೊಗಲು ಮುಂದಕ್ಕೆ ಬಾರದೆ ಉರುಲಿನಂತೆ ಬಿಗಿದುಕೊಂಡರೆ ಅದು ಪ್ಯಾರಾಫೈಮೋಸಿಸ್. ಅದಕ್ಕೆ ಬೆಳಗಾಗುವವರೆಗೂ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೊರಡಿ.